ಹನ್ನೊಂದನೆಯ ದಿನದ ಹೊಟ್ಟೆ

ಹೊಟ್ಟೆಯ ಬಲಪಕ್ಕದ ಕೆಳಭಾಗದಲ್ಲಿ ಸೂಜಿ ಇಳಿಸಿ ಸಿರಿಂಜನ್ನು ನಿಧಾನವಾಗಿ ಎಳೆದಾಗ ಒಳಕ್ಕೆ ಬಂದದ್ದು ಹೊಂಗೆ ಎಣ್ಣೆಯಷ್ಟು ಗಾಢವಾದ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಹಸಿರು ತೋರುವ ಹಳದಿ ದ್ರವ. ಅದು ರಕ್ತವೂ ಅಲ್ಲ, ಕೀವೂ ಅಲ್ಲ, ಲಿವರ್ ಕೆಟ್ಟವರ ಹೊಟ್ಟೆಯಲ್ಲಿ ತುಂಬಿಕೊಳ್ಳುವ ತಿಳಿನೀರೂ ಅಲ್ಲ. ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದ ಹಿರಿಯ ಸಿಸ್ಟರ್ ನನಗಿಂತ ಮೊದಲೇ "ಪಿತ್ತ ಸಾರ್" ಎಂದರು. ಯಕೃತ್ತು ಅಂದರೆ ಲಿವರ್ ತಯಾರಿಸಿ ಕರುಳಿಗೆ ಕಳಿಸುವ ಜೀರ್ಣರಸ ಅದು, ಹೊಟ್ಟೆಯ ಬಯಲಿನಲ್ಲಿ ಇರಬಾರದ್ದು. ಹಾಸಿಗೆಯ ಮೇಲಿದ್ದ ವ್ಯಕ್ತಿಗೆ ಅಪಘಾತವಾಗಿ ಅಂದಿಗೆ ಹನ್ನೊಂದು ದಿನ.

ಕೋಲಾರದಲ್ಲಿ ಸರ್ಜನ್ ಆಗಿ ಕೆಲಸ ಮಾಡುವವರಿಗೆ ಟೊಮ್ಯಾಟೊ ಟೆಂಪೋಗಳ ಅಪಘಾತ ಹೊಸದಲ್ಲ. ಸುಗ್ಗಿಯಲ್ಲಿ ಎ.ಪಿ.ಎಂ.ಸಿ. ಮಾರುಕಟ್ಟೆಗೆ 15 ಕಿಲೋ ಬಾಕ್ಸುಗಳನ್ನು ಹೇರಿಕೊಂಡು ರಾತ್ರಿಯಿಡೀ ಗಾಡಿಗಳು ಬರುತ್ತಲೇ ಇರುತ್ತವೆ. ಮೂವತ್ತರ ಆಸುಪಾಸಿನ ಈ ರೈತ (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ) ಮಧ್ಯಾಹ್ನ ಮುದ್ದೆ ಉಂಡವನು ಸಂಜೆಯಿಂದ ಕಾಯಿ ಆರಿಸುವುದು, ತುಂಬುವುದು, ಹೇರುವುದರಲ್ಲೇ ಕಳೆದು, ರಾತ್ರಿ ಏನೂ ತಿನ್ನದೆ ನಸುಕಿನಲ್ಲಿ ಗಾಡಿ ಹತ್ತಿದ್ದ. ಮುಳಬಾಗಿಲು ಕಡೆಯ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಯೊಂದಕ್ಕೆ ಟೆಂಪೋ ಹಿಂದಿನಿಂದ ಗುದ್ದಿದಾಗ ಸ್ಟೀರಿಂಗ್ ಚಕ್ರ ಅವನ ಪಕ್ಕೆಲುಬುಗಳ ಕೆಳಗೆ, ಎದೆಗುಂಡಿಯಿಂದ ತುಸು ಬಲಕ್ಕೆ ಒತ್ತಿತ್ತು. ಮೊದಲು ಸೇರಿದ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಮಾಡಿ, ಯಕೃತ್ತಿನಲ್ಲಿ ಸಣ್ಣ ಸೀಳು ಇದೆ, ಹೊಟ್ಟೆಯೊಳಗೆ ಅಲ್ಪ ದ್ರವ ಇದೆ ಎಂದು ಕಂಡುಕೊಂಡಿದ್ದರು. ರಕ್ತದೊತ್ತಡ ಕುಸಿಯಲಿಲ್ಲ, ಹಿಮೋಗ್ಲೋಬಿನ್ ಇಳಿಯಲಿಲ್ಲ. ಮೂರು ದಿನ ಗಮನಿಸಿ ಮನೆಗೆ ಕಳಿಸಿದ್ದರು. ಆ ಕಾಗದಗಳನ್ನು ನಾನು ಎರಡು ಬಾರಿ ಓದಿದೆ. ಅಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಇಂದು ಯಕೃತ್ತಿನ ಬಹುತೇಕ ಗಾಯಗಳನ್ನು ಹೊಟ್ಟೆ ತೆರೆಯದೆಯೇ ನಿಭಾಯಿಸುವುದು ಒಪ್ಪಿತ ಕ್ರಮ.

ಆರನೆಯ ದಿನದಿಂದ ಅವನಿಗೆ ಊಟ ಸೇರದಾಯಿತು. ಎಂಟನೆಯ ದಿನ ಕಣ್ಣು ಹಳದಿಯಾಯಿತು. ಮನೆಯವರು ಅದನ್ನು ಕಾಮಾಲೆ ಎಂದುಕೊಂಡು ನಾಟಿ ಔಷಧಿ ಕುಡಿಸಿ, ಉಪ್ಪು ಎಣ್ಣೆ ಬಿಡಿಸಿ ಪಥ್ಯ ಹಿಡಿಸಿದರು. "ಬಿದ್ದ ಪೆಟ್ಟು ವಾಸಿಯಾಗೈತೆ ಸಾರ್, ಇದು ಬೇರೆ, ಕಾಮಾಲೆ" ಎಂದು ಅವನ ಹೆಂಡತಿ ನನಗೆ ವಿವರಿಸಿದರು. ಹೊಟ್ಟೆ ಮಾತ್ರ ದಿನದಿಂದ ದಿನಕ್ಕೆ ಉಬ್ಬುತ್ತಾ ಹೋಗಿ, ಲುಂಗಿಯ ಗಂಟು ನಿಲ್ಲದಂತಾದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಜ್ವರ ಹೆಚ್ಚಿರಲಿಲ್ಲ. ಮುಟ್ಟಿದರೆ ಹೊಟ್ಟೆ ಹಲಗೆಯಂತೆ ಬಿಗಿದಿರಲಿಲ್ಲ, ಮೆತ್ತಗೇ ಇತ್ತು. ಕಾಮಾಲೆ ಮತ್ತು ಪೆಟ್ಟು ಬೇರೆ ಬೇರೆ ಎಂಬ ಆ ಗ್ರಹಿಕೆಯ ಕುರಿತು ಬರೆಯಬೇಕೆಂದು ಅಂದೇ ಅನ್ನಿಸಿತ್ತು, ಏಕೆಂದರೆ ಅದು ಮನೆಯವರಿಗಷ್ಟೇ ಸೀಮಿತವಾದ ತಪ್ಪಲ್ಲ. ವೈದ್ಯರೂ ಅದೇ ಬಲೆಗೆ ಬೀಳುತ್ತಾರೆ.

ಪಿತ್ತವನ್ನು ಕೂಡಿಡುವ ಪಿತ್ತಕೋಶಕ್ಕೆ ಮತ್ತು ಅದನ್ನು ಕರುಳಿಗೆ ಒಯ್ಯುವ, ಯಕೃತ್ತಿನ ಹೊರಗಿನ ಪಿತ್ತನಾಳಗಳಿಗೆ ಹೊರಪೆಟ್ಟಿನಿಂದ ಗಾಯವಾಗುವುದು ಅಪರೂಪ. ಹೊಟ್ಟೆಗೆ ಪೆಟ್ಟು ಬಿದ್ದು ಬರುವ ನೂರು ಜನರಲ್ಲಿ ಇಬ್ಬರು ಮೂವರಿಗೆ ಪಿತ್ತಕೋಶದ ಗಾಯ ಇದ್ದರೆ ಹೆಚ್ಚು, ನಾಳದ ಗಾಯ ಅದಕ್ಕಿಂತಲೂ ಕಡಿಮೆ. ಕಾರಣ ಅವುಗಳ ವಾಸಸ್ಥಾನ. ಪಿತ್ತಕೋಶ ಯಕೃತ್ತಿನ ಅಡಿಯಲ್ಲಿ, ಪಕ್ಕೆಲುಬಿನ ಗೂಡಿನ ಮರೆಯಲ್ಲಿ ಅಡಗಿದೆ. ಸುಮಾರು 6 ರಿಂದ 8 ಸೆಂಟಿಮೀಟರ್ ಉದ್ದದ, ಬಾಲ್‌ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪನೆಯ ಮುಖ್ಯ ಪಿತ್ತನಾಳ ಅದಕ್ಕೂ ಹಿಂದೆ, ಬೆನ್ನುಮೂಳೆಯ ಸಮೀಪ, ಪೋರ್ಟಲ್ ರಕ್ತನಾಳ ಮತ್ತು ಯಕೃತ್ತಿನ ಅಪಧಮನಿಯ ಜೊತೆ ಒಂದೇ ಮಡಿಕೆಯಲ್ಲಿ ಸಾಗುತ್ತದೆ. ಇಷ್ಟು ರಕ್ಷಣೆಯಲ್ಲಿರುವುದಕ್ಕೇ ಪೆಟ್ಟಾಗಿದೆಯೆಂದರೆ ಅಕ್ಕಪಕ್ಕದವರಿಗೂ ಪೆಟ್ಟಾಗಿದೆ ಎಂದೇ ಲೆಕ್ಕ. ಯಕೃತ್ತು, ಡುಯೋಡಿನಮ್ ಎಂಬ ಸಣ್ಣ ಕರುಳಿನ ಮೊದಲ ಭಾಗ, ಮೇದೋಜೀರಕ ಗ್ರಂಥಿ, ದೊಡ್ಡ ರಕ್ತನಾಳಗಳು, ಇವುಗಳಲ್ಲಿ ಒಂದಾದರೂ ಜೊತೆಗೆ ಗಾಯಗೊಂಡಿರುತ್ತದೆ. ಈ ಗಾಯಾಳುಗಳಲ್ಲಿ ಮೊದಲ ಗಂಟೆಗಳಲ್ಲೇ ಸಾಯುವವರು ಸಾಯುವುದು ಪಿತ್ತದಿಂದಲ್ಲ, ಪಕ್ಕದ ರಕ್ತನಾಳದಿಂದ.

ನಾಳ ಎಲ್ಲೆಂದರಲ್ಲಿ ಹರಿಯುವುದಿಲ್ಲ. ವೇಗದ ಗಾಡಿ ಥಟ್ಟನೆ ನಿಂತಾಗ ಒಂದೂವರೆ ಕಿಲೋ ತೂಗುವ ಯಕೃತ್ತು ಇದ್ದಲ್ಲಿಂದ ಜರುಗುತ್ತದೆ. ಅದಕ್ಕೆ ಜೋತುಬಿದ್ದ ನಾಳವೂ ಅದರ ಜೊತೆ ಎಳೆಯಲ್ಪಡುತ್ತದೆ. ಆದರೆ ನಾಳದ ಕೆಳತುದಿ ಮೇದೋಜೀರಕ ಗ್ರಂಥಿಯೊಳಗೆ ಹೂತುಹೋಗಿ ಬಿಗಿಯಾಗಿ ನಿಂತಿದೆ. ಒಂದು ಕಡೆ ಎಳೆತ, ಇನ್ನೊಂದು ಕಡೆ ಬಿಗಿತ. ಬಾವಿಯ ಹಗ್ಗ ಗಡಗಡೆಯ ಬಳಿ ಸವೆದು ತುಂಡಾಗುವಂತೆ, ನಾಳವೂ ಗ್ರಂಥಿಯೊಳಗೆ ನುಗ್ಗುವ ಆ ಮೇಲಂಚಿನಲ್ಲಿಯೇ ಹರಿಯುವುದು ಹೆಚ್ಚು. ಎಡ ಮತ್ತು ಬಲ ಯಕೃತ್ ನಾಳಗಳು ಕೂಡುವ ಜಾಗ, ಅದರಲ್ಲೂ ಎಡನಾಳ, ಇನ್ನೊಂದು ದುರ್ಬಲ ತಾಣ. ಮಕ್ಕಳಲ್ಲಿ ಸೈಕಲ್ಲಿನ ಹ್ಯಾಂಡಲ್ ತುದಿ ಹೊಟ್ಟೆಗೆ ಚುಚ್ಚಿದಾಗ ಇದೇ ಅಂಗಗಳು ಬೆನ್ನುಮೂಳೆಗೆ ಒತ್ತಿ ಜಜ್ಜಿಹೋಗುತ್ತವೆ. ಪ್ರತಿ ಮನೆಯಲ್ಲೂ ಹಸು ಕಟ್ಟಿರುವ ನಮ್ಮ ಜಿಲ್ಲೆಯಲ್ಲಿ ಹಾಲು ಕರೆಯಲು ಕೂತವರಿಗೆ ಬೀಳುವ ಒದೆತವೂ ನನ್ನ ಪಟ್ಟಿಯಲ್ಲಿದೆ, ಅದರ ವಿಷಯ ಮುಂದೆ ಬರುತ್ತದೆ.

ಪಿತ್ತಕೋಶದ ಕಥೆ ಸ್ವಲ್ಪ ಬೇರೆ. ಅದು 30 ರಿಂದ 50 ಮಿಲಿಲೀಟರ್ ಹಿಡಿಯುವ ತೆಳುಚೀಲ. ಹಸಿದಾಗ ತುಂಬಿ ಬಿಗಿಯುತ್ತದೆ, ಉಂಡ ಮೇಲೆ ಕುಗ್ಗುತ್ತದೆ. ತುಂಬಿದ ಬಲೂನು ಒಡೆಯುವಷ್ಟು ಸುಲಭವಾಗಿ ಖಾಲಿ ಬಲೂನು ಒಡೆಯುವುದಿಲ್ಲವಾದ್ದರಿಂದ, ಹೊಟ್ಟೆ ಹಸಿದು ಗಾಡಿ ಓಡಿಸುವವನ ಪಿತ್ತಕೋಶವೇ ಹೆಚ್ಚು ಅಪಾಯದಲ್ಲಿರುತ್ತದೆ. ಕುಡಿದವನದ್ದೂ ಹಾಗೆಯೇ: ಮದ್ಯ ನಾಳದ ಕೊನೆಯ ಕವಾಟವನ್ನು ಬಿಗಿಯಾಗಿಸಿ ಪಿತ್ತಕೋಶವನ್ನು ಉಬ್ಬಿಸುತ್ತದೆ, ಮೇಲಾಗಿ ಹೊಟ್ಟೆಯ ಸ್ನಾಯುಗಳು ಸಡಿಲಗೊಂಡು ಪೆಟ್ಟನ್ನು ತಡೆಯುವುದಿಲ್ಲ. ಹಳೆಯ ಕಲ್ಲಿನ ಕಾಯಿಲೆಯಿಂದ ಗೋಡೆ ದಪ್ಪಗಾಗಿ ಸುರುಟಿಕೊಂಡ ಪಿತ್ತಕೋಶ ಮಾತ್ರ ಇಂಥ ಪೆಟ್ಟನ್ನು ಚೆನ್ನಾಗಿ ತಾಳುತ್ತದೆ. ಕಾಯಿಲೆಯೊಂದು ಉಪಕಾರ ಮಾಡುವ ಅಪರೂಪದ ಪ್ರಸಂಗ ಇದು.

ಇಷ್ಟಾದರೂ ಹನ್ನೊಂದು ದಿನ ಒಬ್ಬ ಮನುಷ್ಯ ಓಡಾಡಿಕೊಂಡು ಇರುವುದು ಹೇಗೆ? ಕರುಳು ಒಡೆದರೆ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಬಿಗಿಯುತ್ತದೆ, ಜ್ವರ ಏರುತ್ತದೆ, ನೋವಿನಿಂದ ರೋಗಿ ಮಗ್ಗುಲಾಗಲೂ ಆರನು. ರಕ್ತ ಸೋರಿದರೆ ನಾಡಿ ಓಡುತ್ತದೆ, ಮೈ ತಣ್ಣಗಾಗುತ್ತದೆ. ಪಿತ್ತ ಹಾಗಲ್ಲ. ಆರೋಗ್ಯವಂತನ ಪಿತ್ತದಲ್ಲಿ ಸೋಂಕು ಇರುವುದಿಲ್ಲ. ಅದು ಹೊಟ್ಟೆಯ ಒಳಪೊರೆಯನ್ನು ಕೆರಳಿಸುತ್ತದೆಯಾದರೂ ಮೊದಮೊದಲು ಸೌಮ್ಯವಾಗಿಯೇ. ದಿನಕ್ಕೆ 500 ರಿಂದ 1,000 ಮಿಲಿಲೀಟರ್‌ವರೆಗೆ ಯಕೃತ್ತು ಪಿತ್ತ ಉತ್ಪಾದಿಸುತ್ತಲೇ ಇರುತ್ತದೆ. ಅದು ಕರುಳಿಗೆ ಹೋಗುವ ಬದಲು ಹೊಟ್ಟೆಯ ಬಯಲಿಗೆ ಹರಿಯುತ್ತದೆ, ಪೊರೆಯ ಮೂಲಕ ಹೀರಲ್ಪಟ್ಟು ಮತ್ತೆ ರಕ್ತಕ್ಕೆ ಸೇರುತ್ತದೆ, ಪಿತ್ತಕ್ಕೆ ಹಳದಿ ಬಣ್ಣ ಕೊಡುವ ಬಿಲಿರುಬಿನ್ ರಕ್ತದಲ್ಲಿ ಏರಿ ಕಣ್ಣು ಹಳದಿಯಾಗುತ್ತದೆ. ಕರುಳಿಗೆ ಪಿತ್ತ ತಲುಪದಿದ್ದರೆ ಮಲ ಸುಣ್ಣ ಬಳಿದಂತೆ ಬಿಳಚಿಕೊಳ್ಳುತ್ತದೆ. ವಾಕರಿಕೆ, ಹಸಿವಿಲ್ಲದಿರುವುದು, ಉಬ್ಬರ, ತೂಕ ಇಳಿಯುವುದು, ಇವೆಲ್ಲ ಎಷ್ಟು ಸಾಮಾನ್ಯ ದೂರುಗಳೆಂದರೆ ಹೊರರೋಗಿ ವಿಭಾಗದಲ್ಲಿ ಮಾತ್ರೆ ಬರೆದು ಕಳಿಸುವಂಥವು. ಯಾವಾಗಲೋ ಒಂದು ದಿನ ಆ ನಿಂತ ಪಿತ್ತಕ್ಕೆ ಸೋಂಕು ತಗಲುತ್ತದೆ. ಅಲ್ಲಿಯವರೆಗೆ ನಮಗೆ ಅವಕಾಶ ಇರುತ್ತದೆ, ಅಲ್ಲಿಂದಾಚೆಗೆ ಅದು ಬಹಳ ಬೇಗ ಮುಚ್ಚಿಹೋಗುತ್ತದೆ.

ಆದ್ದರಿಂದಲೇ ನನ್ನ ಕಿರಿಯ ಸಹೋದ್ಯೋಗಿಗಳಿಗೆ ಒಂದು ಮಾತನ್ನು ಬೇಸರ ಬರುವಷ್ಟು ಸಲ ಹೇಳುತ್ತೇನೆ. ಹೊಟ್ಟೆಗೆ ಪೆಟ್ಟು ಬಿದ್ದವನು ಒಂದು ತಿಂಗಳೊಳಗೆ ಉಬ್ಬಿದ ಹೊಟ್ಟೆಯೊಂದಿಗೋ ಹಳದಿ ಕಣ್ಣಿನೊಂದಿಗೋ ಮರಳಿದರೆ, ಬೇರೆ ರುಜುವಾತು ಸಿಗುವವರೆಗೆ ಅದು ಪಿತ್ತ ಸೋರಿಕೆಯೇ. ರುಜುವಾತಿಗೆ ದೊಡ್ಡ ಯಂತ್ರವೂ ಬೇಡ. ಹೊಟ್ಟೆಯ ದ್ರವವನ್ನೂ ರಕ್ತವನ್ನೂ ಒಂದೇ ಸಮಯದಲ್ಲಿ ತೆಗೆದು ಎರಡರ ಬಿಲಿರುಬಿನ್ ಅಳೆಸಿದರೆ ಸಾಕು. ದ್ರವದಲ್ಲಿ ಅದು ಡೆಸಿಲೀಟರಿಗೆ 6 ಮಿಲಿಗ್ರಾಂ ದಾಟಿದ್ದು, ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿದ್ದರೆ ಎಲ್ಲಿಂದಲೋ ಪಿತ್ತ ಸೋರುತ್ತಿದೆ. ನಮ್ಮ ರೋಗಿಯ ರಕ್ತದಲ್ಲಿ 4.8, ಹೊಟ್ಟೆಯ ದ್ರವದಲ್ಲಿ 31 ಬಂದಿತ್ತು. ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲೂ ಆಗುವ ಪರೀಕ್ಷೆ ಇದು. ಅದನ್ನು ಕೇಳಿ ಬರೆಯುವವರು ಮಾತ್ರ ಕಡಿಮೆ.

ಸೋರುತ್ತಿದೆ ಎಂದು ತಿಳಿಯುವುದು ಒಂದು ಹಂತ, ಎಲ್ಲಿಂದ ಎಂದು ತಿಳಿಯುವುದು ಇನ್ನೊಂದು. ಅಪಘಾತವಾದ ತಕ್ಷಣ ಮಾಡುವ ಅಲ್ಟ್ರಾಸೌಂಡ್ ದ್ರವ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ಅದು ರಕ್ತವೋ ಪಿತ್ತವೋ ಎಂದು ಹೇಳಲಾರದು. ಕಾಂಟ್ರಾಸ್ಟ್ ಕೊಟ್ಟು ಮಾಡಿದ ಸಿ.ಟಿ. ಸ್ಕ್ಯಾನ್ ಹೆಚ್ಚು ಮಾತಾಡುತ್ತದೆ, ಆದರೆ ಅದರ ಮಾತು ಪಿಸುಮಾತು. ಪಿತ್ತಕೋಶದ ಗೋಡೆ ಒಂದು ಕಡೆ ಮಸುಕಾಗಿರುವುದು, ಅದರೊಳಗೆ ರಕ್ತದ ಬಿಳುಪು ಕಾಣುವುದು, ಸುತ್ತ ದ್ರವ ನಿಂತಿರುವುದು, ಅದು ತನ್ನ ಹಾಸಿಗೆಯಿಂದ ಕಳಚಿ ವಾಲಿರುವುದು ಇಂಥವು. ನನಗೆ ಎಲ್ಲಕ್ಕಿಂತ ಗುಮಾನಿ ಹುಟ್ಟಿಸುವುದು ಹಸಿದವನಲ್ಲಿ ಕಾಣುವ ಕುಗ್ಗಿದ ಪಿತ್ತಕೋಶ. ಏನನ್ನೂ ತಿನ್ನದ ಮನುಷ್ಯನ ಪಿತ್ತಕೋಶ ತುಂಬಿರಬೇಕಾಗಿತ್ತು, ಖಾಲಿಯಾಗಿದೆ ಎಂದರೆ ಒಳಗಿದ್ದದ್ದು ಎಲ್ಲಿಗೆ ಹೋಯಿತು? ಹಳೆಯ ಆಸ್ಪತ್ರೆಯ ಕಾಗದಗಳಲ್ಲಿ "ಪಿತ್ತಕೋಶ ಕುಗ್ಗಿದೆ" ಎಂಬ ಮೂರನೆಯ ಸಾಲು ನನ್ನ ಕಣ್ಣಿಗೆ ಬಿದ್ದದ್ದು ಎರಡನೆಯ ಓದಿನಲ್ಲಿ.

ನ್ಯೂಕ್ಲಿಯರ್ ಸ್ಕ್ಯಾನ್ ಎಂದು ಕರೆಯುವ ಹಿಡಾ ಪರೀಕ್ಷೆಯಲ್ಲಿ ಟೆಕ್ನೀಷಿಯಮ್ ಸೇರಿಸಿದ ಔಷಧವೊಂದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಯಕೃತ್ತು ಅದನ್ನು ಹೀರಿ ಪಿತ್ತದ ಜೊತೆ ಹೊರಹಾಕುತ್ತದೆ. ಸರಿಯಾಗಿದ್ದರೆ ಒಂದು ಗಂಟೆಯೊಳಗೆ ಅದು ಕರುಳಿನಲ್ಲಿ ಕಾಣಬೇಕು. ಸೋರಿಕೆ ಇದ್ದರೆ ಹೊಟ್ಟೆಯ ಬಯಲಿನಲ್ಲಿ ಚೆಲ್ಲಿಕೊಂಡದ್ದು ಕಾಣುತ್ತದೆ. ಸಣ್ಣ ಸೋರಿಕೆಯನ್ನೂ ಅದು ಬಿಡುವುದಿಲ್ಲವಾದರೂ ನಾಳದ ನಿಖರ ನಕ್ಷೆ ಅದರಿಂದ ಸಿಗದು. ನಕ್ಷೆಗೆ ಎಂ.ಆರ್.ಸಿ.ಪಿ., ಅಂದರೆ ಪಿತ್ತನಾಳಗಳ ಎಂ.ಆರ್.ಐ. ಸ್ಕ್ಯಾನ್ ಬೇಕು. ನಕ್ಷೆಯ ಜೊತೆಗೆ ಚಿಕಿತ್ಸೆಯೂ ಬೇಕೆಂದರೆ ಇ.ಆರ್.ಸಿ.ಪಿ.: ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ನಾಳ ಕರುಳಿಗೆ ತೆರೆಯುವ ಬಾಯಿಯಲ್ಲಿ ಕೊಳವೆ ತೂರಿಸಿ, ಬಣ್ಣ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವುದು. ನಾಳ ಪೂರ್ತಿ ತುಂಡಾಗಿರದೆ ಪಕ್ಕದಲ್ಲಿ ತೂತಾಗಿದ್ದರೆ, ಅಥವಾ ಯಕೃತ್ತಿನೊಳಗಿನ ಸಣ್ಣ ನಾಳ ಸೋರುತ್ತಿದ್ದರೆ, ಅದೇ ಸಮಯದಲ್ಲಿ ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟು ಬರಬಹುದು. ಸ್ಟೆಂಟ್ ಮಾಡುವ ಕೆಲಸ ಸರಳ. ಗದ್ದೆಯ ಬದು ಒಡೆದಾಗ ನಾವು ಮೊದಲು ತೂಬು ತೆರೆದು ನೀರಿಗೆ ಬೇರೆ ದಾರಿ ಮಾಡುತ್ತೇವೆ, ಒತ್ತಡ ಇಳಿದ ಮೇಲೆ ಬದು ತಾನೇ ನಿಲ್ಲುತ್ತದೆ. ಕರುಳಿನ ಕಡೆಗೆ ಸುಲಭ ದಾರಿ ಸಿಕ್ಕ ಪಿತ್ತ ತೂತಿನ ಕಡೆ ಹೋಗುವುದನ್ನು ಬಿಡುತ್ತದೆ, ಕೆಲವು ವಾರಗಳಲ್ಲಿ ತೂತು ಕೂಡಿಕೊಳ್ಳುತ್ತದೆ. ಹೊಟ್ಟೆ ಕೊಯ್ಯದೆ ಗುಣವಾಗುವ ಪಿತ್ತ ಸೋರಿಕೆಗಳಲ್ಲಿ ಬಹುಪಾಲು ಈ ಬಗೆಯವು.

ನಮ್ಮ ರೋಗಿ ಆ ಬಗೆಯವನಾಗಿರಲಿಲ್ಲ. ಅಂದು ನಾವು ಮಾಡಿದ್ದು ಇಷ್ಟೇ. ಅಲ್ಟ್ರಾಸೌಂಡ್ ನೋಡಿಕೊಂಡು ಚರ್ಮದ ಮೂಲಕ ಎರಡು ಪಿಗ್‌ಟೇಲ್ ಡ್ರೈನ್‌ಗಳನ್ನು, ಅಂದರೆ ದ್ರವ ಹೊರತರುವ, ತುದಿ ಸುರುಳಿಯಾದ ಕೊಳವೆಗಳನ್ನು ಇಟ್ಟೆವು. ಒಂದನ್ನು ಯಕೃತ್ತಿನ ಅಡಿಯಲ್ಲಿ, ಇನ್ನೊಂದನ್ನು ಕಿಬ್ಬೊಟ್ಟೆಯ ತಗ್ಗಿನಲ್ಲಿ. ಮೊದಲ ದಿನವೇ ಮೂರೂವರೆ ಲೀಟರ್ ಪಿತ್ತ ಹೊರಬಂತು. ಸಲೈನ್, ಆ್ಯಂಟಿಬಯೋಟಿಕ್, ವಿಟಮಿನ್ ಕೆ ಕೊಟ್ಟು ಮರುದಿನ ಬೆಂಗಳೂರಿಗೆ, ಪಿತ್ತನಾಳದ ಶಸ್ತ್ರಚಿಕಿತ್ಸೆಯಲ್ಲಿ ನುರಿತ ತಂಡದ ಬಳಿಗೆ ಕಳಿಸಿದೆವು. ಊರಿನವರೊಬ್ಬರು "ಹೊಟ್ಟೆ ತೆಗೆದು ಒಂದು ಹೊಲಿಗೆ ಹಾಕಿ ಬಿಡಿ ಸಾರ್, ಬೆಂಗಳೂರು ಯಾಕೆ" ಎಂದು ಒತ್ತಾಯಿಸಿದರು. ಆ ಮಾತು ನನಗೆ ಹಳೆಯದೊಂದನ್ನು ನೆನಪಿಸಿತು.

ಸರ್ಜನ್ ಆಗಿ ಎರಡನೆಯ ವರ್ಷ, ಬೇರೊಂದು ಊರಿನಲ್ಲಿ ಕೆಲಸ ಮಾಡುತ್ತಿದ್ದೆ. ಹಾಲು ಕರೆಯುವಾಗ ಹಸು ಒದ್ದು ಮಹಿಳೆಯೊಬ್ಬರು ಬಂದರು. ಹೊಟ್ಟೆ ಬಿಗಿದಿತ್ತು, ನಾಡಿ ನಿಮಿಷಕ್ಕೆ 130. ಹೊಟ್ಟೆ ತೆರೆದಾಗ ರಕ್ತ ಮತ್ತು ಪಿತ್ತ ಬೆರೆತ ದ್ರವ. ಒರೆಸಿ ನೋಡಿದರೆ ಪಿತ್ತಕೋಶದ ತಲೆಯ ಕಡೆ ಎರಡು ಬೆರಳು ಅಗಲದ ಸೀಳು. ಪಿತ್ತಕೋಶದ ಗಾಯಕ್ಕೆ ಉತ್ತರ ಬಹುಮಟ್ಟಿಗೆ ಒಂದೇ, ಅದನ್ನು ತೆಗೆದುಹಾಕುವುದು. ಬರೀ ಕಂದಿದ್ದರೆ ಬಿಡಬಹುದು, ಆದರೂ ಆ ಗೋಡೆ ಮುಂದೆ ಕೊಳೆತು ತೂತು ಬೀಳುವ ಭಯ ಇದ್ದೇ ಇದೆ. ಸೀಳಿದ್ದರೆ, ಕಳಚಿದ್ದರೆ, ಒಳಗೆ ರಕ್ತ ಹೆಪ್ಪುಗಟ್ಟಿ ಅದರ ಕುತ್ತಿಗೆಯ ನಾಳ ಮುಚ್ಚಿದ್ದರೆ ತೆಗೆಯುವುದೇ ಸರಿ. ನಾನು ತೆಗೆದೆ. ಪಿತ್ತದ ಮೂಲ ಸಿಕ್ಕಿತೆಂಬ ಸಮಾಧಾನದಲ್ಲಿ, ಯಕೃತ್ತಿನ ಸೀಳಿಗೆ ಹೊಲಿಗೆ ಹಾಕಿ ಒಂದು ಡ್ರೈನ್ ಇಟ್ಟು ಹೊಟ್ಟೆ ಮುಚ್ಚಿದೆ. ನಾಲ್ಕನೆಯ ದಿನ ಡ್ರೈನ್ ಬಾಟಲಿಯ ಬಣ್ಣ ಬದಲಾಯಿತು. ಮುಖ್ಯನಾಳದಲ್ಲಿ, ಡುಯೋಡಿನಮ್‌ನ ಮರೆಯಲ್ಲಿ, ಇನ್ನೊಂದು ಸೀಳಿತ್ತು. ಒಂದು ಗಾಯ ಸಿಕ್ಕಿದ ಸಂತೋಷದಲ್ಲಿ ನಾನು ಎರಡನೆಯದನ್ನು ಹುಡುಕಿರಲಿಲ್ಲ. ಡ್ರೈನ್ ಇಟ್ಟಿದ್ದ ಕಾರಣದಿಂದ ಮತ್ತು ಆಮೇಲೆ ಇಟ್ಟ ಸ್ಟೆಂಟಿನಿಂದ ಅವರು ಉಳಿದರು. ನನ್ನ ಕೌಶಲದಿಂದ ಉಳಿದರು ಎಂದು ಹೇಳಿಕೊಳ್ಳಲಾರೆ.

ಹುಡುಕುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹೊಟ್ಟೆ ತೆರೆದಾಗ ಮೊದಲ ಕೆಲಸ ರಕ್ತ ನಿಲ್ಲಿಸುವುದು. ಯಕೃತ್ತಿಗೆ ಹೋಗುವ ಆ ಮಡಿಕೆಯನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಿಗಿದರೆ ರಕ್ತಸ್ರಾವ ತಗ್ಗುತ್ತದೆ. ಗ್ಲಾಸ್ಗೋದ ಹೊಗಾರ್ತ್ ಪ್ರಿಂಗಲ್ 1908 ರಲ್ಲಿ ಬರೆದಿಟ್ಟ ಉಪಾಯ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ರಕ್ತ ನಿಂತ ಮೇಲೆ ಹಸಿರು ಕಲೆ ಹುಡುಕಬೇಕು. ಆ ಮಡಿಕೆಯ ಮೇಲೆ, ಡುಯೋಡಿನಮ್‌ನ ಹೊರ ಅಂಚಿನಲ್ಲಿ, ಮೂತ್ರಪಿಂಡದ ಮುಂದಿನ ಕೊಬ್ಬಿನಲ್ಲಿ ಪಾಚಿ ಬಣ್ಣದ ಛಾಯೆ ಕಂಡರೆ ಕೆಳಗೆ ನಾಳ ಹರಿದಿದೆ. ಡುಯೋಡಿನಮ್‌ನ ಹೊರಗಿನ ಪೊರೆ ಬಿಡಿಸಿ, ಪುಸ್ತಕದ ಹಾಳೆ ಮಗುಚಿದಂತೆ ಅದನ್ನೂ ಗ್ರಂಥಿಯ ತಲೆಯನ್ನೂ ಎಡಕ್ಕೆ ಮಗುಚಿ ಹಿಂಬದಿ ನೋಡದೆ ಈ ಹುಡುಕಾಟ ಮುಗಿಯುವುದಿಲ್ಲ. ಕೊಕರ್ ಹೆಸರಿನ ಈ ವಿಧಾನವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ನಾನು, ಅದು ಬೇಕಾಗಿದ್ದ ದಿನ ಮಾಡಿರಲಿಲ್ಲ. ಈಗ ಇನ್ನೊಂದು ಸಣ್ಣ ಅಭ್ಯಾಸ ಇಟ್ಟುಕೊಂಡಿದ್ದೇನೆ: ಎಲ್ಲ ತೊಳೆದ ಮೇಲೆ ಒಣಗಿದ ಬಿಳಿ ಮಾಪ್ ಒಂದನ್ನು ಆ ಜಾಗದಲ್ಲಿ ಒತ್ತಿಟ್ಟು ಗಡಿಯಾರ ನೋಡಿ ಐದು ನಿಮಿಷ ಕಾಯುತ್ತೇನೆ. ತೆಗೆದಾಗ ಬಟ್ಟೆಯ ಮೇಲೆ ಅರಿಶಿನದ ಚುಕ್ಕಿ ಇದ್ದರೆ ಕೆಲಸ ಮುಗಿದಿಲ್ಲ.

ಅನುಮಾನ ಉಳಿದರೆ ಪಿತ್ತಕೋಶಕ್ಕೋ ಅದರ ನಾಳಕ್ಕೋ ಸಣ್ಣ ಸೂಜಿ ಚುಚ್ಚಿ ಬಣ್ಣ ಬಿಟ್ಟು ಆಪರೇಷನ್ ಟೇಬಲ್ಲಿನ ಮೇಲೆಯೇ ಎಕ್ಸ್‌ರೇ ತೆಗೆಯಬಹುದು. ಇದಕ್ಕೆ ಬೇಕಾದ ಸಿ-ಆರ್ಮ್ ಯಂತ್ರ ನಮ್ಮಂಥ ಕಡೆ ಮೂಳೆ ವಿಭಾಗದವರ ಸ್ವತ್ತು. ರಾತ್ರಿ ಎರಡು ಗಂಟೆಗೆ ಅದರ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಮೊದಲೇ ತಿಳಿದಿಟ್ಟುಕೊಳ್ಳುವುದು ಶಸ್ತ್ರಚಿಕಿತ್ಸೆಯ ಸಿದ್ಧತೆಯ ಒಂದು ಭಾಗ ಎಂದೇ ನಾನು ತಿಳಿದಿದ್ದೇನೆ. ಮತ್ತೊಂದು ಮಾತು: ಎಷ್ಟೇ ಗಾಬರಿಯಲ್ಲಿದ್ದರೂ ಈ ಪರೀಕ್ಷೆ ಮುಗಿಯುವ ತನಕ ಪಿತ್ತಕೋಶವನ್ನು ಕತ್ತರಿಸಿ ಎಸೆಯಬಾರದು. ನಾಳದೊಳಕ್ಕೆ ಹೋಗಲು ಅದೇ ಸುಲಭದ ಬಾಗಿಲು.

ಸಿಕ್ಕ ನಾಳದ ಗಾಯಕ್ಕೆ ಏನು ಮಾಡಬೇಕು ಎಂಬುದು ಅದರ ಅಗಲದ ಮೇಲೆ ನಿಲ್ಲುತ್ತದೆ. ಅಮೆರಿಕದ ಆಘಾತ ಶಸ್ತ್ರಚಿಕಿತ್ಸಕರ ಸಂಘಟನೆಯ ಐದು ದರ್ಜೆಗಳ ಪಟ್ಟಿಯಲ್ಲಿ ಪಿತ್ತಕೋಶದ ಕಂದುವಿಕೆ, ಸೀಳು, ಕಳಚುವಿಕೆ ಮೊದಲ ಮೂರು ದರ್ಜೆಗಳಲ್ಲಿ ಬರುತ್ತವೆ. ನಾಳದ ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಹರಿದಿದ್ದರೆ ನಾಲ್ಕು, ಅರ್ಧ ದಾಟಿದರೆ ಐದು. ಈ ಅರ್ಧದ ಗೆರೆ ನಿಜಕ್ಕೂ ಉಪಯುಕ್ತ. ಚಾಕುವಿನಂಥದ್ದು ತಗಲಿ ಅಂಚು ಚೊಕ್ಕವಾಗಿರುವ, ಅರ್ಧಕ್ಕಿಂತ ಸಣ್ಣ ಸೀಳನ್ನು ಐದು ಅಥವಾ ಆರು ಸೊನ್ನೆಯ, ತಾನೇ ಕರಗುವ ನವಿರು ದಾರದಿಂದ ಹೊಲಿಯಬಹುದು. ಬೇಕಿದ್ದರೆ ನಾಳದೊಳಗಿಂದ ಪಿತ್ತವನ್ನು ಹೊರತರುವ, T ಆಕಾರದ ಟಿ-ಟ್ಯೂಬ್ ಇಡಬಹುದು, ಆದರೆ ಅದನ್ನು ಗಾಯದ ಬಾಯಿಂದಲೇ ಹೊರತೆಗೆಯದೆ ಬೇರೆ ಕಡೆ ಸಣ್ಣ ರಂಧ್ರ ಮಾಡಿ ತೆಗೆಯಬೇಕು.

ಪೂರ್ತಿ ತುಂಡಾದ ನಾಳದ ಎರಡು ತುದಿಗಳನ್ನು ಎಳೆದು ಕೂಡಿಸಿ ಹೊಲಿಯುವ ಆಸೆ ಪ್ರತಿ ಸರ್ಜನ್ನನಿಗೂ ಬರುತ್ತದೆ. ನೋಡಲು ಅದು ಚೆಂದ, ಪ್ರಕೃತಿ ಇಟ್ಟ ಹಾಗೆಯೇ ಇದೆ ಎನ್ನಿಸುತ್ತದೆ. ಆದರೆ ಐದಾರು ಮಿಲಿಮೀಟರ್ ಅಗಲದ ಈ ಕೊಳವೆಗೆ ರಕ್ತ ಒದಗಿಸುವುದು, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 3 ಮತ್ತು 9 ಗಂಟೆಯ ಜಾಗದಲ್ಲಿ ಉದ್ದಕ್ಕೆ ಸಾಗುವ ಎರಡು ಕೂದಲೆಳೆಯ ರಕ್ತನಾಳಗಳು. ಜಜ್ಜಿಹೋದ ತುದಿಯಲ್ಲಿ ಅವು ಸತ್ತಿರುತ್ತವೆ. ಎಳೆದು ಹೊಲಿದ ಜಾಗ ವಾರಗಳಲ್ಲೋ ವರ್ಷಗಳಲ್ಲೋ ಸುರುಟಿ ಕಿರಿದಾಗುತ್ತದೆ. ಪೂರ್ತಿ ತುಂಡಾದವುಗಳಲ್ಲಿ ಹೀಗೆ ಹೊಲಿದ ಅರ್ಧಕ್ಕಿಂತ ಹೆಚ್ಚು ನಾಳಗಳು ಕಿರಿದಾದ ವರದಿಗಳಿವೆ. ಆದ್ದರಿಂದ ಸ್ವಿಟ್ಜರ್ಲೆಂಡಿನ ಸೀಸರ್ ರೂ ಅವರ ಹೆಸರಿನ ಜೋಡಣೆಯೇ ಲೇಸು. ಸಣ್ಣ ಕರುಳಿನ ಆರಂಭದ ಭಾಗವನ್ನು ಕತ್ತರಿಸಿ, 40 ರಿಂದ 60 ಸೆಂಟಿಮೀಟರ್ ಉದ್ದದ ಕುಣಿಕೆಯೊಂದನ್ನು ಮೇಲಕ್ಕೆ ತಂದು, ನಾಳದ ಆರೋಗ್ಯವಂತ ಮೇಲ್ತುದಿಗೆ ಒಳಪದರಕ್ಕೆ ಒಳಪದರ ತಾಗುವಂತೆ ಹೊಲಿಯುವುದು. ಕರುಳು ಸಡಿಲವಾಗಿ ಬರುತ್ತದೆ, ಎಳೆತ ಇರುವುದಿಲ್ಲ, ಅದಕ್ಕೆ ತನ್ನದೇ ಸಮೃದ್ಧ ರಕ್ತ ಪೂರೈಕೆ ಇರುತ್ತದೆ. ಗ್ರಂಥಿಯೊಳಗಿನ ನಾಳವೂ ಗ್ರಂಥಿಯ ತಲೆಯೂ ಡುಯೋಡಿನಮ್ಮೂ ಒಟ್ಟಿಗೆ ಜಜ್ಜಿಹೋದಾಗ ಮಾತ್ರ ಅಷ್ಟನ್ನೂ ತೆಗೆಯುವ ವಿಪಲ್ ಶಸ್ತ್ರಚಿಕಿತ್ಸೆ, ಅದೂ ರೋಗಿ ತಾಳುವ ಸ್ಥಿತಿಯಲ್ಲಿದ್ದರೆ.

ಇವೆಲ್ಲ ಸಾವಕಾಶದ ಮಾತು. ರಕ್ತದೊತ್ತಡ 70 ಇರುವ, ಮೈ ತಣ್ಣಗಾದ, ರಕ್ತ ಹೆಪ್ಪುಗಟ್ಟದೆ ಎಲ್ಲೆಡೆ ಜಿನುಗುತ್ತಿರುವ ಗಾಯಾಳುವಿನಲ್ಲಿ ಕರುಳಿನ ಕುಣಿಕೆ ಹೊಲಿಯುತ್ತಾ ನಿಲ್ಲುವುದು ತಪ್ಪು. ಅಲ್ಲಿ ರಕ್ತ ನಿಲ್ಲಿಸಿ, ಬಟ್ಟೆ ತುರುಕಿ, ನಾಳದ ಮೇಲ್ತುದಿಗೆ ಕೊಳವೆ ಕಟ್ಟಿ ಪಿತ್ತವನ್ನು ಹೊರಕ್ಕೆ ಬಿಟ್ಟು, ಪಕ್ಕದಲ್ಲಿ ದೊಡ್ಡ ಡ್ರೈನ್ ಇಟ್ಟು ಐಸಿಯುಗೆ ಕಳಿಸಬೇಕು. ಅದೂ ಆಗದಿದ್ದರೆ ನಾಳವನ್ನು ಕಟ್ಟಿಬಿಡುವುದೂ ತಾತ್ಕಾಲಿಕವಾಗಿ ಕ್ಷಮ್ಯವೇ. ಪಿತ್ತ ಹೊರಗೆ ಹರಿಯುವವನು ವಾರಗಟ್ಟಲೆ ಬದುಕುತ್ತಾನೆ. ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದನ್ನು ಸೋಲೆಂದು ಭಾವಿಸುವ ಚಾಳಿ ಇದೆ. ನನ್ನ ಅನುಭವದಲ್ಲಿ ಮೊದಲನೆಯ ಕೈ ಹಾಕಿದವರು ಹೊಲಿಯಲು ಹೋಗಿ ಕೆಡಿಸಿದ ನಾಳಕ್ಕಿಂತ, ಬರೀ ಡ್ರೈನ್ ಇಟ್ಟು ಕಳಿಸಿದ ನಾಳವನ್ನು ಎರಡನೆಯವರು ಸರಿಪಡಿಸುವುದು ಎಷ್ಟೋ ಸುಲಭ. "ಒಂದು ಹೊಲಿಗೆ ಹಾಕಿ ಬಿಡಿ" ಎಂದವರಿಗೆ ಅಂದು ನಾನು ಇದನ್ನೇ ಬೇರೆ ಮಾತಿನಲ್ಲಿ ಹೇಳಿದೆ.

ಬೆಂಗಳೂರಿನಲ್ಲಿ ಇ.ಆರ್.ಸಿ.ಪಿ. ಮಾಡಿದಾಗ ಬಿಟ್ಟ ಬಣ್ಣ ಗ್ರಂಥಿಯ ಮೇಲಂಚಿನವರೆಗೆ ಏರಿ ಅಲ್ಲಿಂದ ಹೊಟ್ಟೆಗೆ ಚೆಲ್ಲಿತು. ಮೇಲಿನ ನಾಳ ಕಾಣಲೇ ಇಲ್ಲ. ಪೂರ್ತಿ ತುಂಡಾಗಿತ್ತು. ಹನ್ನೆರಡು ದಿನ ಪಿತ್ತದಲ್ಲಿ ನೆನೆದ ಊತಕಗಳು ಹೊಲಿಗೆ ಹಿಡಿಯುವ ಸ್ಥಿತಿಯಲ್ಲಿ ಇರುವುದಿಲ್ಲವಾದ್ದರಿಂದ, ಯಕೃತ್ತಿನ ಮೂಲಕ ಮೇಲಿನ ನಾಳಕ್ಕೆ ಒಂದು ಕೊಳವೆ ಇಳಿಸಿ ಪಿತ್ತವನ್ನು ಚೀಲಕ್ಕೆ ಬಿಟ್ಟು, ಎಂಟು ವಾರ ಕಾಯುವುದೆಂದು ಅಲ್ಲಿನವರು ತೀರ್ಮಾನಿಸಿದರು. ಆ ಎಂಟು ವಾರಗಳಲ್ಲಿ ಹೆಚ್ಚಿನ ಕಾಲ ಅವನು ಊರಿನಲ್ಲೇ ಇದ್ದು ವಾರಕ್ಕೊಮ್ಮೆ ನನ್ನ ಬಳಿ ಬರುತ್ತಿದ್ದ. ದಿನಕ್ಕೆ ಎಷ್ಟು ಪಿತ್ತ ಬಂತೆಂದು ಬರೆದಿಡಿ ಎಂದು ಹೆಂಡತಿಗೆ ಹೇಳಿದ್ದೆ. ಮೊದಲ ವಾರ ಅವರು ತಂದದ್ದು ಹಾಲಿನ ಡೈರಿಯ ಪುಸ್ತಕ. ಬೆಳಿಗ್ಗೆ, ಸಂಜೆ ಎಂದು ಮೊದಲೇ ಅಚ್ಚಾದ ಕಾಲಮ್ಮುಗಳಲ್ಲಿ ಹಾಲಿನ ಲೆಕ್ಕ ಮುಗಿದ ಪುಟದಿಂದ ಮುಂದಕ್ಕೆ, 350, 280, 400 ಎಂದು ಗಂಡನ ಪಿತ್ತದ ಲೆಕ್ಕ. ಫ್ಯಾಟ್ ಎಂಬ ಕಾಲಮ್ಮಿನಲ್ಲಿ ಬಣ್ಣ ಬರೆದಿದ್ದರು: ಹಸಿರು, ಹಸಿರು, ಹಳದಿ, ಹಸಿರು. ನಮ್ಮ ವಾರ್ಡಿನ ಚಾರ್ಟುಗಳಲ್ಲಿ ಇಷ್ಟು ಅಚ್ಚುಕಟ್ಟನ್ನು ನಾನು ಕಂಡಿಲ್ಲ. 

ಆ ಪುಸ್ತಕವೇ ಒಮ್ಮೆ ಅವನನ್ನು ಉಳಿಸಿತು ಎನ್ನಬೇಕು. ಪಿತ್ತದ ಜೊತೆ ಸೋಡಿಯಂ ಹೊರಹೋಗುತ್ತದೆ. ಕರುಳಿಗೆ ಪಿತ್ತ ತಲುಪದಿದ್ದರೆ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು ಹೀರಲ್ಪಡುವುದಿಲ್ಲ, ವಿಟಮಿನ್ ಕೆ ಕಡಿಮೆಯಾಗಿ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಆದ್ದರಿಂದ ಉಪ್ಪು ಬಿಡಿಸಿದ್ದ ಪಥ್ಯವನ್ನು ಮೊದಲು ತಪ್ಪಿಸಬೇಕಾಯಿತು. ಹೊಟ್ಟೆಯ ಡ್ರೈನ್‌ಗಳು ಬತ್ತಿದ ಮೇಲೆ ಐದನೆಯ ವಾರದ ಒಂದು ದಿನ ಪುಸ್ತಕದಲ್ಲಿ ಬೆಳಿಗ್ಗೆ 300, ಸಂಜೆ 20 ಎಂದಿತ್ತು. "ಕಮ್ಮಿ ಆಗೈತೆ, ಒಳ್ಳೇದೇ ಅಲ್ವಾ ಸಾರ್" ಎಂದು ಅವನು ನಗುತ್ತಾ ಕೇಳಿದ. ಹೆಂಡತಿ ನಗಲಿಲ್ಲ. "ಒಂದೇ ದಿನಕ್ಕೆ ಹಿಂಗೆ ಹಸು ಬತ್ತಲ್ಲ ಸಾರ್, ಏನೋ ಆಗೈತೆ" ಎಂದರು. ಕೊಳವೆ ಜರುಗಿತ್ತು, ಅಂದು ಸಂಜೆಗೆ ಅವನಿಗೆ ಚಳಿ ಜ್ವರ ಶುರುವಾಗಿತ್ತು. ಅದೇ ರಾತ್ರಿ ಬೆಂಗಳೂರಿಗೆ ಕಳಿಸಿ ಕೊಳವೆ ಬದಲಿಸಿದ್ದರಿಂದ ಸೋಂಕು ರಕ್ತಕ್ಕೆ ಹರಡುವ ಮುನ್ನ ಹಿಡಿತಕ್ಕೆ ಬಂತು.

ಒಂಬತ್ತನೆಯ ವಾರ ಕುಣಿಕೆಯ ಜೋಡಣೆ ನಡೆಯಿತು. ಅಲ್ಲಿನ ಸರ್ಜನ್ನರು ಕರೆದದ್ದರಿಂದ ನಾನೂ ಹೋಗಿ ಪಕ್ಕದಲ್ಲಿ ನಿಂತು ನೋಡಿದೆ. ಐದು ಗಂಟೆಯ ಕೆಲಸದಲ್ಲಿ ಹೊಲಿಗೆಗೆ ಹಿಡಿದದ್ದು ಅರ್ಧ ಗಂಟೆಯೂ ಇಲ್ಲ. ಉಳಿದದ್ದೆಲ್ಲ ಅಂಟಿಕೊಂಡ ಕರುಳನ್ನು ಬಿಡಿಸಿ, ಗುರುತು ಸಿಗದಂತಾಗಿದ್ದ ಆ ಜಾಗದಲ್ಲಿ ಅಪಧಮನಿ ಯಾವುದು, ನಾಳ ಯಾವುದು ಎಂದು ಬೆರಳಿನ ತುದಿಯಲ್ಲಿ ಓದುವುದಕ್ಕೆ ಹೋಯಿತು. ಮೇಲ್ತುದಿಯನ್ನು ಕತ್ತರಿಸಿ ತೆರೆದಾಗ ಅಂಚಿನಲ್ಲಿ ಕೆಂಪು ರಕ್ತ ಜಿನುಗಿತು. "ಇದು ಹಿಡಿಯುತ್ತೆ" ಎಂದು ಅವರು ಅಷ್ಟೇ ಹೇಳಿದರು.

ಇಂಥ ಜೋಡಣೆ ಐದು ವರ್ಷದ ನಂತರವೂ ಕಿರಿದಾಗಬಹುದು. ಚಳಿ ಜ್ವರ, ಕಾಮಾಲೆ, ಬಲಪಕ್ಕೆಯ ನೋವು ಕಂಡರೆ ಕಾಯದೆ ಬರಬೇಕೆಂದೂ, ಏನೂ ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಬೇಕೆಂದೂ ಹೇಳಿದ್ದೇವೆ. ಬಿಲಿರುಬಿನ್ ಏರುವುದಕ್ಕೆ ಬಹಳ ಮೊದಲೇ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ರಕ್ತದಲ್ಲಿ ಏರಿ ಸುಳಿವು ಕೊಡುತ್ತದೆ. ಕಳೆದ ವಾರ ಬಂದಿದ್ದಾಗ ಅದು 94, ಸಹಜ ಮಿತಿಯೊಳಗೇ ಇತ್ತು. ಹೆಂಡತಿ ಅದನ್ನೂ ಅದೇ ಡೈರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆಸಿಕೊಂಡರು. ಮುಂದಿನ ತಪಾಸಣೆಯ ತಾರೀಕು ಕೊಡುವಾಗ, ಅದು ಟೊಮ್ಯಾಟೊ ಕೊಯ್ಲಿಗೆ ಬೀಳುತ್ತದೆ, ಒಂದು ವಾರ ಹಿಂದಕ್ಕೆ ಹಾಕಿ ಎಂದು ಕೇಳಿದರು. ಹಾಕಿಕೊಟ್ಟೆ.